ಕುರ್ಚಿ ಪುಷ್ಕರನ ಕಪ್ಪುಬಿಳುಪು ಫೋಟೋ

ನಮ್ಮ ಪುಲಿಕ್ಕಡವಿನಲ್ಲಿ ಯಾರು ಸತ್ತರೂ ಸಂತಾಪದ ಭಾಷಣವನ್ನು ನನ್ನ ತಲೆಗೇ ಕಟ್ಟುತ್ತಾರೆ. ಮೇಷ್ಟ್ರ ಕೆಲಸದಿಂದ ನಿವೃತ್ತನಾದೆ, ಕಣ್ಣಿನ ಪೊರೆ ತೆಗೆಸಿಕೊಂಡೆ, ಮಂಡಿ ನೋವೂ ಬಂತು. ಆದರೆ ವಾಚನಾಲಯದ ಕಾರ್ಯದರ್ಶಿ ಸ್ಥಾನದಿಂದ ಮಾತ್ರ ನನ್ನನ್ನು ಯಾರೂ ಇಳಿಸಲಿಲ್ಲ. ಕಾರ್ಯದರ್ಶಿಯಾದವನು ಸತ್ತವರಲ್ಲಿ ಏನಾದರೊಂದು ಒಳ್ಳೆಯ ಗುಣ ಹುಡುಕಿ ಹೇಳಬೇಕು. ಕೆಲವರ ವಿಷಯದಲ್ಲಿ ಹುಡುಕುವಷ್ಟರಲ್ಲಿ ಸಾಕುಸಾಕಾಗಿ ಹೋಗುತ್ತದೆ. ಇಷ್ಟು ವರ್ಷಗಳಲ್ಲಿ ಬರೆದೂ ಓದದೆ ಉಳಿದ ಭಾಷಣ ಒಂದೇ ಒಂದು. ಅದು ಕುರ್ಚಿ ಪುಷ್ಕರನದು. ಅದನ್ನು ಓದಲು ಬಿಡದೆ ಕೆಡಿಸಿದವನೂ ಅವನೇ.

ಪುಷ್ಕರನದು ಬಾಡಿಗೆ ಸಾಮಾನಿನ ಅಂಗಡಿ. ನೀಲಿ ಪ್ಲಾಸ್ಟಿಕ್ ಕುರ್ಚಿ, ಟಾರ್ಪಾಲು, ಬಿರಿಯಾನಿ ಹಂಡೆ, ಉದ್ಘಾಟನೆಗೆ ಹಚ್ಚುವ ಹಿತ್ತಾಳೆ ದೀಪ, ಹೆಣ ಇಡುವ ತಂಪುಪೆಟ್ಟಿಗೆ, ಎಲ್ಲವೂ ಅಲ್ಲಿ ಸಿಗುತ್ತವೆ. ನಾಮಕರಣಕ್ಕೂ ಅವನೇ, ಮದುವೆಗೂ ಅವನೇ, ಮಣ್ಣಿಗೂ ಅವನೇ. ಈ ಊರಿನ ಯಾವ ಆಲ್ಬಂ ತೆರೆದರೂ ಅವನ ಕುರ್ಚಿಗಳು ಕಾಣುತ್ತವೆ. ಅವನು ಮಾತ್ರ ಯಾವುದರಲ್ಲೂ ಇಲ್ಲ. ಫೋಟೋ ತೆಗೆಯುವ ಹೊತ್ತಿಗೆ ಅವನು ಯಾವಾಗಲೂ ಊಟದ ಪಂಕ್ತಿಗೆ ಕುರ್ಚಿ ಹೊರುತ್ತಿರುತ್ತಾನೆ.

ಊರು ಹೇಗಾದರೂ ನಡೆಸಿಕೊಳ್ಳಲಿ, ಅವನಿಗೆ ಚುಚ್ಚುತ್ತಿದ್ದದ್ದು ಒಬ್ಬರ ನಡವಳಿಕೆ ಮಾತ್ರ. ಅವರು ಅವನ ಹೆಂಡತಿ ವಿಲಾಸಿನಿಯ ಅಣ್ಣ, ನಿವೃತ್ತ ತಹಸೀಲ್ದಾರ್ ಸದಾಶಿವನ್ ನಾಯರ್. ಈ ಭಾವನವರು ತಂಗಿಯ ಮನೆಗೆ ಬಂದರೆ ಅಂಗಳದಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ಒಳಗೆ ಬಂದು ಕೂತವರಲ್ಲ. ಪುಷ್ಕರನನ್ನು ಹೆಸರು ಹಿಡಿದು ಕರೆದವರೂ ಅಲ್ಲ. "ಏ ಕುರ್ಚಿ" ಎಂದರೆ ಅವನು ತಿರುಗಿ ನೋಡಬೇಕು. ಕಳೆದ ವರ್ಷ ಅವರ ಹೊಸ ಮನೆಯ ಗೃಹಪ್ರವೇಶದಲ್ಲಿ ಮನೆಯವರೆಲ್ಲ ಸಾಲಾಗಿ ಫೋಟೋಗೆ ನಿಂತಾಗ ಪುಷ್ಕರನೂ ಒಂದು ತುದಿಯಲ್ಲಿ ಹೋಗಿ ನಿಂತ.

"ನೀನೆಲ್ಲಿ ಬಂದೆ ಇಲ್ಲಿಗೆ?" ಎಂದರು ನಾಯರ್. "ಹಿಂದಿನ ಸಾಲಿಗೆ ಎರಡು ಕುರ್ಚಿ ಕಡಿಮೆ ಇದೆ. ಹೋಗಿ ತಗೊಂಬಾ."

ತಂದ. ಅಷ್ಟರಲ್ಲಿ ಫೋಟೋ ಮುಗಿದಿತ್ತು. ಆ ಸಂಜೆ ಅವನು ವಾಚನಾಲಯಕ್ಕೆ ಬಂದು ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ಕೂತಿದ್ದ. ನಾನು ಏನೂ ಕೇಳಲಿಲ್ಲ. ಕೇಳಿದರೆ ಕೇಳಿಸಿಕೊಳ್ಳಬೇಕಾಗುತ್ತದೆ ಎಂಬ ಭಯ ನನಗೆ.

ಹಾಗಿರುವಾಗ ಪೇಟೆಯ ಹಮೀದ್ ಹಾಜಿ ಮದುವೆ ಬಟ್ಟೆಯ ದೊಡ್ಡ ಅಂಗಡಿ ಕಟ್ಟಿಸಿ, ಉದ್ಘಾಟನೆಗೆ ನಟ ಹರೀಂದ್ರ ಮೇನೋನನನ್ನು ಕರೆಸುವುದೆಂದು ಗೊತ್ತುಮಾಡಿದರು. ಹರೀಂದ್ರ ಒಂದು ಕಾಲಕ್ಕೆ ನಾಯಕನಾಗಿ ಮೆರೆದವನು. ಈಗ ನಾಯಕಿಯರ ತಂದೆಯಾಗಿ, ಉಳಿದ ದಿನಗಳಲ್ಲಿ ರಿಬ್ಬನ್ ಕತ್ತರಿಸುತ್ತ ಇದ್ದ. ಅವನಿಗೆ ಫೋಟೋ ತೆಗೆಯುವ ಹುಚ್ಚು. ಎಲ್ಲಿ ಹೋದರೂ ಕೊರಳಲ್ಲೊಂದು ಕ್ಯಾಮೆರಾ ನೇತಾಡುತ್ತಿರುತ್ತದೆ. ಜನ ತನ್ನ ಫೋಟೋ ತೆಗೆಯಲು ನುಗ್ಗುತ್ತಿದ್ದರೆ ಇವನು ತಪ್ಪಿಸಿಕೊಂಡು ಹೋಗಿ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಫೋಟೋ ತೆಗೆಯುತ್ತಾನೆ, ಅವತ್ತೇ ಜಾಲತಾಣದ ತನ್ನ ಪುಟದಲ್ಲಿ ಹಾಕುತ್ತಾನೆ. ಕೆಳಗೆ ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಲಕ್ಷಗಟ್ಟಲೆ ಜನ ಅದನ್ನೂ ಮೆಚ್ಚುತ್ತಾರೆ.

ಕುರ್ಚಿ ಮತ್ತು ದೀಪದ ಕೆಲಸ ಪುಷ್ಕರನಿಗೇ ಸಿಕ್ಕಿತು. ಸುಮ್ಮನಿರಬಹುದಿತ್ತು. ಚಹಾದ ಅಂಗಡಿಯಲ್ಲಿ ಭಾವನ ಎದುರಿಗೇ ಬಾಯಿಬಿಟ್ಟ.

"ಹರೀಂದ್ರ ನಂಗೆ ಹಳೇ ದೋಸ್ತ್."

"ಯಾರಿಗೆ?" ನಾಯರ್ ಲೋಟ ಕೆಳಗಿಟ್ಟರು.

"ನಂಗೇ. ಅವನ ಮೊದಲನೇ ಸಿನಿಮಾ ಶೂಟಿಂಗ್ ಈ ಹೊಳೆ ದಂಡೇಲೇ ಆಗಿದ್ದು. ಆಗ ನಮ್ಮಪ್ಪನ ಕುರ್ಚಿ ಕಾಲು ಮುರಿದು ಅವನು ಬಿದ್ದ. ಎತ್ತಿದ್ದು ನಾನು."

"ಬೀಳಿಸಿದ್ದೂ ನಿಮ್ಮಪ್ಪನ ಕುರ್ಚೀನೇ ತಾನೆ?" ಎಂದರು ನಾಯರ್. ಅಂಗಡಿಯೆಲ್ಲ ನಕ್ಕಿತು. "ಸರಿ ಹಾಗಾದ್ರೆ. ಅವನ ಜೊತೆ ನಿಂತು ಒಂದು ಫೋಟೋ ತೆಗೆಸ್ಕೊಂಡು ಬಾ. ಆಗ ನಿನ್ನ ಮನೆ ಒಳಗೆ ಬಂದು ಕೂತ್ಕೊಂಡು ಊಟ ಮಾಡ್ತೀನಿ."

ಪುಷ್ಕರ ಕೆಂಪಗಾದ ಮುಖ ಹೊತ್ತು ಮನೆಗೆ ಹೋಗಿ ವಿಲಾಸಿನಿಗೆ, "ಭಾನುವಾರ ನಿನ್ನಣ್ಣ ಊಟಕ್ಕೆ ಬರ್ತಾರೆ, ಕರಿಮೀನು ಹೇಳಿಡು" ಎಂದ. ಅವಳು ಗಂಡನನ್ನು ಒಮ್ಮೆ ಅನುಮಾನದಿಂದ ನೋಡಿ ಮೀನು ಹೇಳಿಟ್ಟಳು. ಅಣ್ಣ ಒಳಗೆ ಬಂದು ಕೂರುವುದನ್ನು ನೋಡುವ ಆಸೆ ಅವಳಿಗೂ ಇತ್ತು.

ಉದ್ಘಾಟನೆಯ ದಿನ ಪುಷ್ಕರ ಕೋಳಿ ಕೂಗುವ ಮುಂಚೆಯೇ ಎದ್ದು ಕುರ್ಚಿ ಹಾಕಿದ. ಒಗೆದ ಬಿಳಿ ಮುಂಡು, ಬಿಳಿ ಶರಟು. ಮಾಲೆ ಹಾಕುವಾಗಲೇ ಫೋಟೋ ಆಗಿಬಿಡಲಿ ಎಂದು ನಟನಿಗೆ ಹಾಕುವ ಮಲ್ಲಿಗೆ ಮಾಲೆಯನ್ನು ಹಾಜಿಯವರಿಂದ ತಾನೇ ಕೇಳಿ ಇಸಿದುಕೊಂಡ. ಬತ್ತಿ ಸರಿ ಉರಿಯುತ್ತದೋ ಎಂದು ಪರೀಕ್ಷಿಸಲು ದೀಪ ಹಚ್ಚಿದ. ಅಷ್ಟರಲ್ಲಿ ನಟ ತಡವಾಗಿ ಬರುತ್ತಾನೆಂದು ಸುದ್ದಿ ಬಂತು. ನಮ್ಮ ಕಡೆ ಒಮ್ಮೆ ಹಚ್ಚಿದ ದೀಪ ಆರಿದರೆ ಹಾಜಿಯವರಿಗೂ ಇಷ್ಟವಿಲ್ಲ, ಪೂಜಾರಿಗೂ ಇಷ್ಟವಿಲ್ಲ. ಗಾಳಿ ಬೇರೆ ಎದ್ದಿತ್ತು. ಪುಷ್ಕರ ದೀಪವನ್ನು ವೇದಿಕೆಯ ಹಿಂದೆ ಒಯ್ದು ಇಟ್ಟು, ಅದಕ್ಕೆ ಗಾಳಿ ತಾಗದ ಹಾಗೆ ಮರೆಯಾಗಿ ನಾಲ್ಕು ಕುರ್ಚಿ ಜೋಡಿಸಿ ಕಾವಲಿಗೆ ಕೂತ. ಕೂತವನು ಒರಗಿದ. ಒರಗಿದವನು ಮಲಗಿದ. ಮಾಲೆ ಬಾಡದಿರಲೆಂದು ಎದೆಯ ಮೇಲೆ ಇಟ್ಟುಕೊಂಡ. ಆಮೇಲೆ ಏನಾಯಿತೆಂದು ಅವನಿಗೆ ತಿಳಿಯದು.

ನಮಗೆ ತಿಳಿಯಿತು. ನಟ ಬಂದ. ಜನ ಅವನ ಮೇಲೆ ಬಿದ್ದರು. ಮಾಲೆಯೂ ಇಲ್ಲ, ದೀಪವೂ ಇಲ್ಲ ಎಂದು ಹಾಜಿ ಕೂಗಾಡಿ, ರಿಬ್ಬನ್ ಒಂದನ್ನೇ ಕತ್ತರಿಸಿ ಮುಗಿಸಿದರು. ನಟ ಎಂದಿನಂತೆ ಹಿಂಬಾಗಿಲಿನಿಂದ ನುಣುಚಿಕೊಂಡು ವೇದಿಕೆಯ ಹಿಂದೆ ಒಂದು ಸುತ್ತು ಹಾಕಿ ಕಾರು ಹತ್ತಿದ. ಪುಷ್ಕರನಿಗೆ ಎಚ್ಚರವಾದಾಗ ದೂರದ ಊರಿನ ಮೈಕಿನವನು ತಂತಿ ಸುತ್ತುತ್ತಿದ್ದ.

"ಬಂದ್ರಾ?" ಎಂದು ಕೇಳಿದನಂತೆ.

"ಬಂದ್ರು, ಹೋದ್ರು. ನೀನೆಲ್ಲಿ ಸತ್ತಿದ್ದೆ?" ಎಂದನಂತೆ ಮೈಕಿನವನು.

ಈ ಮುಖ ಹೊತ್ತು ಮನೆಗೆ ಹೋಗುವುದು ಹೇಗೆ? ಪುಷ್ಕರ ಫೋನು ಆರಿಸಿ, ಹಂಡೆಗಳನ್ನು ಮಿನಿಲಾರಿಗೆ ತುಂಬಿಕೊಂಡು, ಮೂರು ಊರಾಚೆಯ ಮದುವೆ ಮನೆಗೆ ಒಪ್ಪಿಸಲು ಹೊರಟುಹೋದ. ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನದ ನಿದ್ದೆಯಿಂದ ನನ್ನನ್ನು ಎಬ್ಬಿಸಿದವರು ಪಂಚಾಯತ್ ಮೆಂಬರ್ ಲೀಲಾಮಣಿ.

"ಮಾಷೇ, ಹೋಗ್ಬಿಟ್ರು."

"ಯಾರು?"

"ಕುರ್ಚಿ ಪುಷ್ಕರನ್ ಚೇಟ, ನಮ್ಮ ಪುಷ್ಕರಣ್ಣ. ನೋಡಿ ಇಲ್ಲಿ, ಹರೀಂದ್ರ ಸಾರ್ ಅವರೇ ಹಾಕಿದಾರೆ."

ಆಕೆಯ ಫೋನಿನಲ್ಲಿ ಪುಷ್ಕರನ ಫೋಟೋ ಇತ್ತು. ಕಪ್ಪುಬಿಳುಪಿನದು. ಮಲಗಿದ್ದಾನೆ, ಕಣ್ಣು ಮುಚ್ಚಿದೆ. ಮೈಮೇಲೆ ಬಿಳಿ ಬಟ್ಟೆ, ಎದೆಯ ಮೇಲೆ ಮಾಲೆ, ತಲೆಯ ಹತ್ತಿರ ಉರಿಯುವ ದೀಪ. ಕೆಳಗೆ ಒಂದು ಅಕ್ಷರವೂ ಇಲ್ಲ. ನಮ್ಮಲ್ಲಿ ಸಿನಿಮಾದವರು ಬೇರೊಬ್ಬರ ಕಪ್ಪುಬಿಳುಪು ಫೋಟೋ ಹಾಕಿದರೆ ಓದಿಕೊಳ್ಳಲು ಅಕ್ಷರ ಬೇಕಾಗಿಲ್ಲ, ಸತ್ತರು ಎಂದೇ ಅರ್ಥ. ತಲೆಯ ಹತ್ತಿರ ದೀಪವೂ ಇದ್ದರೆ ಅನುಮಾನಿಸುವವನೇ ಮೂರ್ಖ. ಕೆಳಗೆ ಆಗಲೇ ಸಾವಿರಾರು ಜನ ಕೈಮುಗಿದಿದ್ದರು.

"ಬೆಳಗ್ಗೆ ಕುರ್ಚಿ ಹಾಕ್ತಿದ್ದನಲ್ಲಮ್ಮ," ಎಂದೆ.

"ಅದೇ ಮಾಷೇ. ಹಾಕ್ತಾ ಹಾಕ್ತಾನೇ ಹೋಗಿದಾರೆ. ಶುಭಕಾರ್ಯ ಕೆಡುತ್ತೆ ಅಂತ ಹಾಜಿಯಾರು ಮುಚ್ಚಿಟ್ಟಿದಾರೆ. ಅದಕ್ಕೇ ದೀಪ ವೇದಿಕೆ ಮೇಲಿರ್ಲಿಲ್ಲ, ಗೊತ್ತಾಯ್ತಾ?"

ಗೊತ್ತಾಯಿತು. ಬೆಳಗ್ಗೆ ದೀಪ ಇರಲಿಲ್ಲ ಎಂಬುದಕ್ಕೆ ಊರೇ ಸಾಕ್ಷಿ. ನಾನು ಎದ್ದು ಕನ್ನಡಕ ಹುಡುಕಿ ಭಾಷಣ ಬರೆಯಲು ಕೂತೆ. 'ಎಲ್ಲರನ್ನೂ ಕೂರಿಸಿದವನು' ಎಂದು ಶುರುಮಾಡಿದೆ. ಆಶ್ಚರ್ಯವೆಂದರೆ ಈ ಸಲ ಗುಣ ಹುಡುಕಲು ಕಷ್ಟವಾಗಲಿಲ್ಲ.

ಅವನ ಮನೆ ಮುಟ್ಟುವಷ್ಟರಲ್ಲಿ ಕೂಡುರಸ್ತೆಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಎದ್ದಿತ್ತು. ಅದೇ ಫೋಟೋ. ಹಾಕಿಸಿದವರು ಹಮೀದ್ ಹಾಜಿ. ಕೆಳಗಡೆ ಹೊಸ ಅಂಗಡಿಯ ವಿಳಾಸವೂ ಇತ್ತು. ಅಂಗಳದಲ್ಲಿ ಜನ ಹಾಜಿಯವರನ್ನು ಮುತ್ತಿಕೊಂಡಿದ್ದರು.

"ಅಲ್ಲಾಹನಾಣೆ, ನಾನು ಯಾರನ್ನೂ ಮುಚ್ಚಿಟ್ಟಿಲ್ಲ!" ಹಾಜಿ ಬೆವರುತ್ತಿದ್ದರು.

"ಹಾಗಾದ್ರೆ ಬಾಡಿ ಎಲ್ಲಿ?"

"ನಂಗೇನು ಗೊತ್ತು?"

"ಪೋಸ್ಟ್‌ಮಾರ್ಟಂಗೆ ಹೋಗಿರುತ್ತೆ," ಎಂದು ಹಿಂದಿನಿಂದ ಯಾರೋ ಹೇಳಿದರು. ಅಲ್ಲಿಗೆ ಆ ಪ್ರಶ್ನೆ ಬಗೆಹರಿಯಿತು. ಹೆಣವಿಲ್ಲ ಎಂಬ ಒಂದು ಕೊರತೆ ಬಿಟ್ಟರೆ ಸಾವಿನ ಮನೆಗೆ ಬೇಕಾದದ್ದೆಲ್ಲ ಅಲ್ಲಿತ್ತು. ಬಾಡಿಗೆ ಸಾಮಾನಿನ ಅಂಗಡಿಯವನೇ ಸತ್ತನೆಂದ ಮೇಲೆ ಕುರ್ಚಿ ಯಾರು ತರಬೇಕು? ಹೊಳೆಯಾಚೆ ಕಡವಿನ ವರ್ಕಿಚ್ಚನ್ ತನ್ನ ಕೆಂಪು ಕುರ್ಚಿಗಳನ್ನೂ ತಂಪುಪೆಟ್ಟಿಗೆಯನ್ನೂ ಹೇರಿಕೊಂಡು ಬಂದಿದ್ದ. ಇಪ್ಪತ್ತು ವರ್ಷ ಪುಷ್ಕರನ ಎದುರಾಳಿಯಾಗಿದ್ದವನು ಟಾರ್ಪಾಲು ಕಟ್ಟುತ್ತ ಕಣ್ಣೊರೆಸಿಕೊಳ್ಳುತ್ತಿದ್ದ. "ಇನ್ಮೇಲೆ ಯಾರ ಹತ್ರ ಜಗಳ ಆಡ್ಲಿ ಮಾಷೇ?" ಎಂದು ನನ್ನನ್ನೇ ಕೇಳಿದ.

ಒಳಗೆ ವಿಲಾಸಿನಿ ಹೆಂಗಸರ ನಡುವೆ ಕೂತಿದ್ದಳು. ಅಳುತ್ತಿರಲಿಲ್ಲ. ಗಂಡನ ನಂಬರಿಗೆ ಮತ್ತೆ ಮತ್ತೆ ಫೋನು ಮಾಡುತ್ತಿದ್ದಳು. "ಇವರು ಹಿಂಗೇ. ಚಾರ್ಜ್ ಹಾಕಲ್ಲ," ಎನ್ನುತ್ತಿದ್ದಳು. ಯಾರು ಏನು ಹೇಳಿದರೂ ಅವಳದು ಅದೊಂದೇ ಮಾತು.

ಸದಾಶಿವನ್ ನಾಯರ್ ಬಂದರು. ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ತಂಗಿಯ ಪಕ್ಕದಲ್ಲಿ ನೆಲದ ಮೇಲೇ ಕೂತರು.

ಇಷ್ಟಾಗುವಾಗ ಪೇಟೆಯ ಹೋಟೆಲಿನಲ್ಲಿ ಮಲಗಿದ್ದ ನಟನಿಗೆ ಅವನ ಮ್ಯಾನೇಜರು ಸುದ್ದಿ ಮುಟ್ಟಿಸಿದ್ದ. ಹೆಣದ ಫೋಟೋ ತೆಗೆದು ಹಾಕಿದ್ದಾನೆ, ಇವನಿಗೆ ಮನುಷ್ಯತ್ವ ಇದೆಯೇ ಎಂದು ಜನ ಬೈಯಲು ಶುರುಮಾಡಿದ್ದರಂತೆ. ಮರ್ಯಾದೆ ಉಳಿಯಬೇಕಾದರೆ ಕೂಡಲೇ ಹೋಗಿ ಅಂತಿಮ ದರ್ಶನ ಮಾಡುವುದು ಒಳ್ಳೆಯದೆಂದು ತೀರ್ಮಾನವಾಯಿತು. ನಟ ಬರುತ್ತಾನೆಂದು ತಿಳಿದದ್ದೇ ತಡ, ಸಾವಿಗೆ ಬಾರದವರೂ ಬಂದರು. ಗೇಟಿನಿಂದ ರಸ್ತೆಯವರೆಗೆ ಜನ. ಕೆಲವರು ತಲೆ ಬಾಚಿಕೊಂಡೇ ಬಂದಿದ್ದರು.

ಸಂಜೆ ಬೆಳಕು ಇಳಿಯುತ್ತಿರುವಾಗ ಪುಷ್ಕರ ಬಂದ. ರಸ್ತೆ ತುಂಬ ಕಾರುಗಳಿದ್ದುದರಿಂದ ಲಾರಿಯನ್ನು ದೂರ ನಿಲ್ಲಿಸಿ, ಹಿತ್ತಲ ದಾರಿಯಿಂದ ಅಂಗಳಕ್ಕೆ ಕಾಲಿಟ್ಟ. ಅವನ ಕಣ್ಣಿಗೆ ಮೊದಲು ಬಿದ್ದದ್ದು ಜನವಲ್ಲ, ಕೆಂಪು ಕುರ್ಚಿಗಳು. ತನ್ನ ಅಂಗಳದಲ್ಲಿ ವರ್ಕಿಚ್ಚನ ಕುರ್ಚಿ! ಯಾರು ಸತ್ತರು, ಯಾಕೆ ಸತ್ತರು ಎಂದು ಕೇಳುವ ವ್ಯವಧಾನವೂ ಅವನಿಗಿರಲಿಲ್ಲ. ಅದೂ ಸಾಲು ಸೊಟ್ಟ. ಹಲ್ಲು ಕಚ್ಚಿಕೊಂಡು ಒಂದೊಂದೇ ಕುರ್ಚಿ ಎತ್ತಿ ಬೇಲಿಯ ಬದಿಗೆ ಒಯ್ದು ಪೇರಿಸತೊಡಗಿದ.

ಯಾರೂ ಅವನನ್ನು ನೋಡಲಿಲ್ಲ. ಕುರ್ಚಿ ಹೊರುವವನ ಮುಖವನ್ನು ಈ ಊರಿನಲ್ಲಿ ಯಾರು ನೋಡುತ್ತಾರೆ? ಒಬ್ಬ ಅವನಿಗೇ, "ಏ, ಇಲ್ಲಿ ಒಂದು ಹಾಕಯ್ಯ" ಎಂದ. ನಾನಂತೂ ಭಾಷಣವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದೆ. ಅವನು ನನ್ನ ಪಕ್ಕದಲ್ಲೇ ಹಾದುಹೋದದ್ದು ನನಗೂ ತಿಳಿಯಲಿಲ್ಲ.

ಅಷ್ಟರಲ್ಲಿ ಕಾರು ಬಂತು. ನಟ ಇಳಿದ. ಕಣ್ಣಿನ ಕೆಳಗೆ ಚೀಲ, ಗಡ್ಡ ಕೆರೆದಿಲ್ಲ, ಕೈಯಲ್ಲಿ ಹೆಣದ ಮೇಲಿಡುವ ದೊಡ್ಡ ಹೂಚಕ್ರ. ಕೊರಳಲ್ಲಿ ಈ ಸಲ ಕ್ಯಾಮೆರಾ ಇರಲಿಲ್ಲ. ಜನ ದಾರಿ ಬಿಡುವ ಬದಲು ಫೋನು ಎತ್ತಿದರು. ನೂಕುನುಗ್ಗಲಿನಲ್ಲಿ ತಳ್ಳಿಸಿಕೊಂಡ ನಟ ಬೇಲಿಯ ಬದಿಗೆ ಬಂದು ನಿಂತ. ಎದುರಿಗೆ ಎರಡು ಕುರ್ಚಿ ಹೊತ್ತ ಮನುಷ್ಯ.

"ಚೇಟಾ, ಬಾಡಿ ಎಲ್ಲಿಟ್ಟಿದಾರೆ?" ಎಂದು ಮೆಲ್ಲಗೆ ಕೇಳಿದ.

ಪುಷ್ಕರನ ಕೈಯಿಂದ ಕುರ್ಚಿ ಜಾರಿತು. "ಹರೀಂದ್ರ ಸಾರ್! ನೀವು... ನಮ್ಮನೇಗೆ... ಯಾರ ಬಾಡಿ ಸಾರ್?"

ನಟನಿಗೆ ಹೆಸರು ಮರೆತಿತ್ತು. ಫೋನು ತೆಗೆದು ಫೋಟೋ ತೋರಿಸಿದ. "ಇವರದು."

ಪುಷ್ಕರ ಬಗ್ಗಿ ನೋಡಿದ. "ಅಯ್ಯೋ, ಇದು ನಮ್ಮಂಗಡಿ ದೀಪ!" ಎಂದ. ಮತ್ತೆ ನೋಡಿದ. "ಕುರ್ಚೀನೂ ನಮ್ದೇ." ಕೊನೆಗೆ ತಲೆಯೆತ್ತಿ, ತಪ್ಪು ಮಾಡಿ ಸಿಕ್ಕಿಬಿದ್ದವನ ಧ್ವನಿಯಲ್ಲಿ, "ಸಾರ್, ಇದು ನಾನು" ಎಂದ.

ವರ್ಕಿಚ್ಚನ್ ಕಿರುಚಿದ. ಲೀಲಾಮಣಿ ತಂಪುಪೆಟ್ಟಿಗೆಯ ಮೇಲೆ ಕುಸಿದು ಕೂತರು. ಆ ಗಲಾಟೆಯ ಮಧ್ಯೆ ತಲೆ ನೆಟ್ಟಗಿದ್ದದ್ದು ಮ್ಯಾನೇಜರದು ಮಾತ್ರ. ಎಲ್ಲ ಫೋನುಗಳೂ ಇತ್ತ ತಿರುಗಿದ್ದನ್ನು ಕಂಡು ಅವನು ನಟನ ಕಿವಿಯಲ್ಲಿ, "ಸಾರ್, ನೋಡ್ತಿದಾರೆ. ಕೊಟ್ಬಿಡಿ," ಎಂದ. ಸಾವಿರ ವೇದಿಕೆಗಳಲ್ಲಿ ಏನೇನೋ ಕೊಟ್ಟು ಕೈ ಪಳಗಿದ ನಟ, ಯೋಚಿಸದೆ, ಮುಗುಳ್ನಗುತ್ತ ಹೂಚಕ್ರವನ್ನು ಮುಂದೆ ಚಾಚಿದ. ಜೀವಮಾನವಿಡೀ ಈ ಒಂದು ಗಳಿಗೆಗಾಗಿ ಕಾದಿದ್ದ ಪುಷ್ಕರ, ಅವನೂ ಯೋಚಿಸದೆ, ಎರಡೂ ಕೈಗಳಿಂದ ಅದನ್ನು ಹಿಡಿದು ಫೋನುಗಳತ್ತ ತಿರುಗಿ ನಕ್ಕ. ನಟ ಬರುತ್ತಾನೆಂದು ಬಂದಿದ್ದ ಪತ್ರಿಕೆಯವನು ಅದರ ಫೋಟೋವನ್ನೇ ತೆಗೆದ.

ಆಮೇಲೆ ಬೈಗುಳದ ಸರದಿ. ಸಾವಿನ ಮನೆಯಲ್ಲಿ ಬದುಕಿರುವವನಷ್ಟು ಕೆಟ್ಟವನು ಬೇರೊಬ್ಬನಿಲ್ಲ. ವಿಲಾಸಿನಿ ಹೊರಗೆ ಓಡಿಬಂದು ಅವನ ಶರಟು ಹಿಡಿದು, "ಚಾರ್ಜ್ ಹಾಕಕ್ಕೆ ಏನ್ರೀ ಕಷ್ಟ ನಿಮ್ಗೆ?" ಎಂದು ಈಗ ಗೊಳೋ ಎಂದು ಅತ್ತಳು. ಹಾಜಿ ಅವನನ್ನು ತಬ್ಬಿಕೊಂಡು, "ನೀನು ಬದುಕಿದಿಯಾ, ನಾನೂ ಬದುಕ್ದೆ" ಎಂದರು. ಎಲ್ಲರಿಗಿಂತ ಜೋರಾಗಿ ಕೂಗಿದವರು ನಾಯರ್.

"ಏನೋ, ನಿನಗೆ ನಾಚಿಕೆ ಆಗಲ್ವಾ? ಸತ್ತಿಲ್ಲ ಅಂತ ಒಂದು ಫೋನ್ ಮಾಡಕ್ಕಾಗಲ್ವಾ ಮನುಷ್ಯನಿಗೆ? ಕುರ್ಚಿ... ಛೇ!" ಎಂದು ಚಪ್ಪಲಿ ಮೆಟ್ಟಿ, ಒಂದು ಕಾಲಿಗೆ ಬೇರೆಯವರದನ್ನು ಹಾಕಿಕೊಂಡು, ಹೊರಟೇಹೋದರು.

ಅಷ್ಟೆಲ್ಲ ಆದಮೇಲೆ ನಟ ಒಂದು ಕೆಂಪು ಕುರ್ಚಿ ಎಳೆದುಕೊಂಡು ಕೂತ. ವಿಲಾಸಿನಿ ಹಾಲಿಲ್ಲದ ಚಹಾ ತಂದುಕೊಟ್ಟಳು.

"ತಪ್ಪು ನಂದೇ," ಎಂದ. "ವಾರಕ್ಕೆ ನಾಲ್ಕು ಅಂಗಡಿ ತೆರೀತೀನಿ. ಎಲ್ಲಿ ಹೋದ್ರೂ ಎಲ್ರೂ ನನ್ನನ್ನೇ ನೋಡ್ತಾರೆ, ಅದೂ ಫೋನಿನೊಳಗೆ. ನನ್ನ ಕಡೆ ನೋಡ್ದೆ ಇದ್ದ ಒಬ್ಬ ಮನುಷ್ಯ ಇವರೇ. ನೆಮ್ಮದಿಯಾಗಿ ಗೊರಕೆ ಹೊಡೀತಿದ್ರು. ಹೊಟ್ಟೆಕಿಚ್ಚಾಯ್ತು, ತೆಗೆದೆ."

"ನಿಮ್ಗಾಗಿ ಬೆಳಗ್ಗೆಯಿಂದ ಕಾದೂ ಕಾದೂ ನಿದ್ದೆ ಬಂದಿದ್ದು ಸಾರ್," ಎಂದ ಪುಷ್ಕರ, ಹೂಚಕ್ರವನ್ನು ಇನ್ನೂ ಮಡಿಲಲ್ಲಿಟ್ಟುಕೊಂಡು.

ನಟ ಚಹಾ ಪೂರ್ತಿ ಕುಡಿದ.

"ಇನ್ಮೇಲೆ ಹಾಕೋದಾದ್ರೆ ಬಣ್ಣದಲ್ಲಿ ಹಾಕಿ ಸಾರ್," ಎಂದಳು ವಿಲಾಸಿನಿ. ಹಾಗೇ ಆಗಲಿ ಎಂದು ಮಾತುಕೊಟ್ಟು ಅವನು ಮುಂದಿನ ಊರಿನ ರಿಬ್ಬನ್ನಿಗೆ ಹೊರಟ.

ಮಾರನೆಯ ದಿನ ಪತ್ರಿಕೆಯ ಜಿಲ್ಲಾಪುಟದಲ್ಲಿ ಆ ಫೋಟೋ ದೊಡ್ಡದಾಗಿ ಬಂತು. ನಟ ನಗುತ್ತ ಹೂಚಕ್ರ ಕೊಡುತ್ತಿದ್ದಾನೆ, ಪುಷ್ಕರ ನಗುತ್ತ ತೆಗೆದುಕೊಳ್ಳುತ್ತಿದ್ದಾನೆ. ಪುಷ್ಕರ ಅದನ್ನು ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ಊರಿಗೆ ಊರೇ ಬುದ್ಧಿ ಹೇಳಿತು. ಮದುವೆಗೆ ಕುರ್ಚಿ ಕೇಳಲು ಬಂದವರು ಹೂಚಕ್ರ ನೋಡಿ ಬೆದರಿ ವರ್ಕಿಚ್ಚನ ಕಡೆ ನಡೆದರು. ಭಾನುವಾರದ ಕರಿಮೀನನ್ನು ಗಂಡಹೆಂಡತಿ ಇಬ್ಬರೇ ತಿಂದರು. ನಾಯರ್ ಬರಲಿಲ್ಲ. ಅಂಗಳದವರೆಗೂ ಬರಲಿಲ್ಲ. ಆ ಫೋಟೋ ಇಳಿಸುವವರೆಗೂ ಆ ಕಡೆ ತಲೆಹಾಕುವುದಿಲ್ಲ ಎಂದು ಹೇಳಿಕಳಿಸಿದ್ದರು.

ಕೊನೆಗೆ ವಿಲಾಸಿನಿ ನನ್ನ ಹತ್ತಿರ ಬಂದಳು. ಇಂಥ ಕೆಲಸಗಳೆಲ್ಲ ನನಗೇ ಗಂಟುಬೀಳುತ್ತವೆ. ಮಂಡಿ ನೀವಿಕೊಳ್ಳುತ್ತ ಅಂಗಡಿಗೆ ಹೋದೆ.

"ಸಾಕಯ್ಯ ಪುಷ್ಕರಾ. ನಟನ ಜೊತೆ ಫೋಟೋ ಆಯ್ತು, ಊರೆಲ್ಲ ನೋಡಿದ್ದೂ ಆಯ್ತು. ನೀನು ಯಾರಿಗೆ ತೋರಿಸ್ಬೇಕು ಅಂತಿದ್ಯೋ ಅವರೇ ಈಗ ಬರ್ತಿಲ್ಲ. ಇಳಿಸಿಬಿಡು."

"ನಟನಿಗೋಸ್ಕರ ಹಾಕಿದೀನಿ ಅಂದ್ಕೊಂಡ್ರಾ ಮಾಷೇ?" ಎಂದು ಅವನು ಕುರ್ಚಿ ಹತ್ತಿ ಫೋಟೋ ಇಳಿಸಿ, ಮುಂಡಿನ ತುದಿಯಿಂದ ಗಾಜು ಒರೆಸಿ, ನನ್ನ ಕಣ್ಣಿನ ಹತ್ತಿರ ಹಿಡಿದ. "ಇಲ್ಲಿ ನೋಡಿ, ಹಿಂದೆ. ಬಾಗಿಲ ಹತ್ರ."

ಅವನ ಬೆರಳು ನಟನನ್ನು ದಾಟಿ, ಹೂಚಕ್ರವನ್ನು ದಾಟಿ, ಮೂಲೆಯಲ್ಲಿ ನಿಂತಿತು. ಬಾಗಿಲ ಚೌಕಟ್ಟಿಗೆ ಒರಗಿ ಒಬ್ಬರು ನಿಂತಿದ್ದರು. ಮುಂದೆ ಜನ ಅಡ್ಡ ನಿಂತಿದ್ದರಿಂದ ಪುಷ್ಕರ ಬದುಕಿರುವುದು ಅವರಿಗೆ ಇನ್ನೂ ತಿಳಿದಿಲ್ಲ. ಟವಲು ಕೈಯಲ್ಲೇ ಇದೆ, ಮುಖ ಮುಚ್ಚಿಕೊಳ್ಳಲು ಮರೆತಿದ್ದಾರೆ.

"ಭಾವ," ಎಂದ ಪುಷ್ಕರ. "ನಂಗೋಸ್ಕರ."

ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಹೌದು, ತಹಸೀಲ್ದಾರರು ಬಾಯಿಬಿಟ್ಟು ಅಳುತ್ತಿದ್ದರು. ಫೋಟೋವನ್ನು ಇದ್ದ ಜಾಗದಲ್ಲೇ ತೂಗುಹಾಕಲು ನಾನೇ ಅವನಿಗೆ ಕುರ್ಚಿ ಹಿಡಿದೆ.